ಅಂಗಾಲಿನ ತಾಳ

ಜನವರಿ 9, ಗುರುವಾರ

ಭಾಮೈದನಿಗೆ,

ವಿಷಯ ಇಷ್ಟೇ. ನನ್ನ ಮರಗೆಲಸದ ಶೆಡ್ಡು ಇರುವ ಕಟ್ಟಡ ಮಾರಾಟವಾಗಿದೆ. ಮೇ ಮೂವತ್ತೊಂದಕ್ಕೆ ಬೀಗದಕೈ ಒಪ್ಪಿಸಬೇಕು. ಹಿಂದಿನ ಕೋಣೆಯಲ್ಲಿ, ನಾವು ಮೂವರೂ ಅಭ್ಯಾಸ ಮಾಡುತ್ತಿದ್ದ ಜಾಗದಲ್ಲಿ, ನಿನ್ನ ಬಾಸ್ ಗಿಟಾರಿನ ಆಂಪ್ಲಿಫೈಯರ್ ಹನ್ನೊಂದು ವರ್ಷದಿಂದ ನಿಂತಲ್ಲೇ ನಿಂತಿದೆ. ಅದರ ಮೇಲೆ ಪ್ಲೈವುಡ್ ತುಂಡುಗಳು, ಅವುಗಳ ಮೇಲೆ ವಾರ್ನಿಷ್ ಡಬ್ಬಿಗಳು, ಎಲ್ಲದರ ಮೇಲೆ ಒಂದು ಬೆಕ್ಕು. ಬೆಕ್ಕು ನನ್ನದಲ್ಲ, ತಾನಾಗಿ ಬಂದು ಸೇರಿಕೊಂಡದ್ದು.

ಡಿಸೆಂಬರಿನಲ್ಲಿ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನೀನು ಎತ್ತಿದೆ. ‘ನಾನು ಕಣೋ’ ಅಂದೆ. ಸ್ವಲ್ಪ ಹೊತ್ತು ಉಸಿರು ಕೇಳಿಸಿತು, ಆಮೇಲೆ ನೀನು ಇಟ್ಟುಬಿಟ್ಟೆ. ಸಿಟ್ಟಿದ್ದರೆ ನಾಲ್ಕು ಬೈದಾದರೂ ಇಡಬಹುದಿತ್ತು. ನಿನ್ನ ಅಕ್ಕನಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತದೆ, “ಬಾಯಲ್ಲಿ ಆಗ್ದಿದ್ರೆ ಬರೀರಿ. ಇಬ್ರಿಗೂ ಕೈ ನೆಟ್ಟಗಿದೆಯಲ್ಲ” ಅಂದಳು.

ಬರೆದಿದ್ದೇನೆ. ಆಂಪ್ಲಿಫೈಯರನ್ನು ನಿನಗೆ ಕಳಿಸಲೋ, ಯಾರಿಗಾದರೂ ಕೊಡಲೋ, ಒಡೆದು ಪೆಟ್ಟಿಗೆಯ ಹಲಗೆ ಉಪಯೋಗಿಸಿಕೊಳ್ಳಲೋ ಹೇಳು. ಹಲಗೆ ಮಾತ್ರ ಚೆನ್ನಾಗಿದೆ. ಈಗ ಅಂಥ ಪ್ಲೈ ಸಿಗುವುದಿಲ್ಲ.

ಭಾವ


ಜನವರಿ 21, ಮಂಗಳವಾರ

ಭಾವನವರಿಗೆ,

ನಿಮ್ಮ ಪತ್ರ ತಲುಪಿತು. ಆಂಪ್ಲಿಫೈಯರನ್ನು ದಯವಿಟ್ಟು ಒಡೆಯಬೇಡಿ. ಬಾರಿಸುವವರು ಯಾರಾದರೂ ಇದ್ದರೆ ಅವರಿಗೆ ಕೊಡಿ. ನಾನು ಈಗ ಬಾರಿಸುತ್ತಿಲ್ಲ. ಗಿಟಾರ್ ಇಲ್ಲೇ ಇದೆ, ಬೀರುವಿನ ಮೇಲೆ, ಪೆಟ್ಟಿಗೆಯೊಳಗೆ.

ಕೊಡುವ ಮೊದಲು ಅದು ಕೆಲಸ ಮಾಡುತ್ತದೆಯೇ ಎಂದು ನೋಡಬೇಕಾಗುತ್ತದೆ. ಇಷ್ಟು ವರ್ಷ ಮಲಗಿದ್ದನ್ನು ಒಮ್ಮೆಲೇ ಎಬ್ಬಿಸಬಾರದು. ಹಿಂಬದಿಯ ಆರು ಸ್ಕ್ರೂ ಬಿಚ್ಚಿ, ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ, ಬಾಯಿಂದ ಊದಬೇಡಿ. ನಾಲ್ಕು ದೊಡ್ಡ ವಾಲ್ವ್‌ಗಳಿವೆ, ಗಾಜಿನ ಬುರುಡೆಗಳು. ಯಾವುದಾದರೂ ನೆತ್ತಿಯಲ್ಲಿ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ. ಇಲ್ಲದಿದ್ದರೆ ರೇಡಿಯೋ ರಿಪೇರಿಯವರನ್ನು ಕರೆದು, ಕರೆಂಟಿನ ದಾರಿಯಲ್ಲಿ ಒಂದು ನೂರು ವ್ಯಾಟಿನ ಬಲ್ಬನ್ನು ಸೇರಿಸಲು ಹೇಳಿ. ಬಲ್ಬು ಮೊದಲು ಜೋರಾಗಿ ಉರಿದು ಆಮೇಲೆ ಮಂಕಾದರೆ ಸರಿ. ಸ್ಪೀಕರಿನ ತಂತಿ ಕಳಚಿರುವಾಗ ಮಾತ್ರ ಎಂದೂ ಸ್ವಿಚ್ ಹಾಕಬೇಡಿ.

ಅದರ ತೂಕ ನಲವತ್ತೊಂದು ಕಿಲೋ ಇನ್ನೂರು ಗ್ರಾಂ. ತಕ್ಕಡಿ ದುರಸ್ತಿಯ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇನ್ನೂ ಅಲ್ಲೇ ಇದ್ದಾಗ, ನಾನೇ ತೂಗಿದ್ದೆ. ಒಬ್ಬರೇ ಎತ್ತಬೇಡಿ.

ಫೋನ್ ಬೇಡ. ಹೇಳುವುದಿದ್ದರೆ ಬರೆಯಿರಿ.

ಇಂತಿ,
ಅಕ್ಕನ ತಮ್ಮ


ಫೆಬ್ರವರಿ 6, ಗುರುವಾರ

ಭಾಮೈದ ಮಹಾಶಯರಿಗೆ,

ಯಾವಾಗಿಂದ ಈ ‘ನೀವು’? ಮೊದಲು ನಾನು ನಿನ್ನ ಡ್ರಮ್ಮರ್, ಆಮೇಲೆ ಭಾವ. ನಿನ್ನ ಆಂಪ್ಲಿಫೈಯರ್ ಹೊತ್ತು ನಿಮ್ಮ ಮನೆಯ ಮೂರು ಮಹಡಿ ಹತ್ತಿದೆನಲ್ಲ, ಆ ದಿನ ಬಾಗಿಲು ತೆಗೆದು, “ಅದನ್ನ ಇಲ್ಲಿಡಬೇಡಿ, ಈಗ ತಾನೆ ಒರೆಸಿದ್ದೀನಿ” ಅಂದ ಹುಡುಗಿಗೆ ಸೋತು ಭಾವನಾದವನು. ಇದರಲ್ಲಿ ಗೌರವ ಕೊಡುವಂಥದ್ದು ಏನೂ ಇಲ್ಲ.

ನೀನು ಹೇಳಿದ ಹಾಗೆಯೇ ಮಾಡಿದೆ. ರೇಡಿಯೋದವನು ನಿನ್ನ ಕಾಗದ ಓದಿ, “ಬರ್ದಿರೋರು ಡಾಕ್ಟರಾ?” ಅಂತ ಕೇಳಿದ. ಬಲ್ಬು ಜೋರಾಗಿ ಉರಿಯಿತು, ಮಂಕಾಯಿತು. ವಾಲ್ವ್‌ಗಳ ಬುಡದಲ್ಲಿ ಕಿತ್ತಳೆ ಬಣ್ಣ ಮೂಡಿತು. ಆಮೇಲೆ ಆ ಗುಂಯ್ ಸದ್ದು. ನಿನ್ನ ಅಕ್ಕ ಒದ್ದೆ ಕೈಯಲ್ಲೇ ಓಡಿಬಂದು, “ಎಮ್ಮೆ ಬದುಕಿದೆಯಾ!” ಅಂದಳು. ಆ ಹೆಸರು ನಾನೇ ಮರೆತಿದ್ದೆ. ಕಪ್ಪು ಮೈ, ಗುಂಡಗಿನ ಹೊಟ್ಟೆ, ಎಬ್ಬಿಸಿದರೂ ಏಳದ ಸ್ವಭಾವ. ಸ್ಕೇಟಿಂಗ್ ಮೈದಾನದಲ್ಲಿ ಬಾರಿಸಿದಾಗ ಅದು ತನ್ನಷ್ಟಕ್ಕೆ ಉರುಳಿಕೊಂಡು ಹೊರಟದ್ದು ನೆನಪಿದೆಯೇ? ನೀನು ತಂತಿ ಹಿಡಿದು, ಒಂದು ಸ್ವರವನ್ನೂ ತಪ್ಪಿಸದೆ ಅದರ ಹಿಂದೆ ಹಿಂದೆ ನಡೆದೆ. ಜನ ಅದನ್ನು ಪ್ರದರ್ಶನದ ಭಾಗ ಅಂದುಕೊಂಡರು.

ಈಗ ಹೇಳಬೇಕಾದದ್ದು. ಆ ದಿನ, ಕಾರಿನ ಶೋರೂಮ್ ಉದ್ಘಾಟನೆಯಲ್ಲಿ, ನಾನು ಮೈಕಿನಲ್ಲಿ ಹಾಗೆ ಹೇಳಬಾರದಿತ್ತು. ಎರಡು ಹಾಡು ನೀನು ಎಲ್ಲೋ, ನಾನು ಎಲ್ಲೋ. ಮೂರನೆಯದರಲ್ಲಿ ನಾನು ನಿಲ್ಲಿಸಿದ ಮೇಲೂ ನೀನು ಬಾರಿಸುತ್ತಲೇ ಇದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. “ಕ್ಷಮಿಸಿ, ನಮ್ಮ ಬಾಸ್‌ನವರು ಈವತ್ತು ಸ್ವಲ್ಪ ಜಾಸ್ತಿ ಹಾಕ್ಕೊಂಡಿದ್ದಾರೆ” ಅಂದೆ. ಜನ ನಕ್ಕರು. ನೀನು ಪ್ಲಗ್ ಕಿತ್ತು, ಗಿಟಾರನ್ನು ಪೆಟ್ಟಿಗೆಗೂ ಹಾಕದೆ ಹೊರಟುಹೋದೆ. ಕುಡಿದು ವೇದಿಕೆ ಹತ್ತಿದ್ದು ನಿನ್ನ ತಪ್ಪು, ಅದನ್ನು ಊರಿಗೆ ಹೇಳಿದ್ದು ನನ್ನ ತಪ್ಪು. ಸಮ ಸಮ ಮಾಡಿ ಮುಗಿಸೋಣ.

ಮೇ ಇಪ್ಪತ್ತೈದು ಭಾನುವಾರ. ಶೆಡ್ಡು ಅಷ್ಟು ಹೊತ್ತಿಗೆ ಖಾಲಿಯಾಗಿರುತ್ತದೆ. ನಮ್ಮ ಹಾಡುಗಾರ ಕಂಪೌಂಡರ್ ತನ್ನ ಗಿಟಾರ್ ತರುತ್ತಾನೆ. ಔಷಧಿ ಅಂಗಡಿಗೆ ರಜೆ ಹಾಕಿ ಬರುತ್ತೇನೆ ಅಂದಿದ್ದಾನೆ. ಕೇಳುವವರು ನಿನ್ನ ಅಕ್ಕ ಒಬ್ಬಳೇ. ಗೋಡೆಗಳಿಗೆ ಒಂದು ಸಲ ಕೊನೆಗೆ ಕೇಳಿಸಿ ಬೀಗ ಹಾಕೋಣ. ಬಾಸ್ ಇಲ್ಲದೆ ನಾನು ಬಾರಿಸುವುದಿಲ್ಲ.

ನಿನ್ನ ಭಾವ


ಮಾರ್ಚ್ 2, ಭಾನುವಾರ

ತಮ್ಮನಿಗೆ,

ಇವರಿಗೆ ಹೇಳದೆ ಬರೆಯುತ್ತಿದ್ದೇನೆ. ಇವರು ದಿನಾ ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ಏನೋ ಕೆಲಸ ಇರುವವರ ಹಾಗೆ ಓಡಾಡುತ್ತಾರೆ. ಗೇಟಿನ ಕೀಲಿಗೆ ಹೋದ ತಿಂಗಳಿಂದ ಮೂರು ಸಲ ಎಣ್ಣೆ ಹಾಕಿದ್ದಾರೆ. ಟಪಾಲಿನವರು ಬಂದು ಹೋದ ಮೇಲೆ ಒಳಗೆ ಬಂದು, “ಬಿಲ್ಲು ಬಿಟ್ರೆ ಬೇರೆ ಏನೂ ಬರಲ್ಲ ಈ ಮನೆಗೆ” ಅನ್ನುತ್ತಾರೆ.

ನೀನು ಆ ದಿನ ಕುಡಿದಿರಲಿಲ್ಲ. ವ್ಯಾನಿನಲ್ಲಿ ನಿನ್ನ ಪಕ್ಕ ಕೂತವಳು ನಾನು. ನಿನ್ನ ಬಾಯಿಂದ ಬಂದ ವಾಸನೆ ಕೆಮ್ಮಿನ ಮಿಠಾಯಿಯದು. ಇವರಿಗೆ ಹೇಳೋಣ ಅಂದುಕೊಂಡೆ. ಆದರೆ ನೀನೇ ಸುಮ್ಮನಿದ್ದೆ. ಕಾರಣ ಇರಬೇಕು ಅಂತ ನಾನೂ ಸುಮ್ಮನಾದೆ.

ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಇವರು ಬರುವ ಹೊತ್ತಿಗೆ ಎದ್ದು ಹೋಗಿರುತ್ತಿದ್ದೆಯಲ್ಲ, ಆಗ ಒಂದು ಗಮನಿಸಿದೆ. ಬಂದ ಕೂಡಲೇ ಅಮ್ಮ ನಿನ್ನ ಎಡಕ್ಕೆ ಬರುವ ಹಾಗೆ ಕುರ್ಚಿಯನ್ನು ಸುತ್ತು ಹಾಕಿ ಎಳೆದುಕೊಳ್ಳುತ್ತಿದ್ದೆ. ಒಂದು ದಿನ ನರ್ಸು ನಿನ್ನ ಹಿಂದೆ ನಿಂತು ಮೂರು ಸಲ ಕರೆದಳು. ನೀನು ಅಮ್ಮನ ಬಾಯಿಯನ್ನೇ ನೋಡುತ್ತಿದ್ದೆ.

ನಾನು ಏನನ್ನೂ ಕೇಳುತ್ತಿಲ್ಲ. ಕಂಡದ್ದನ್ನು ಬರೆದೆ, ಅಷ್ಟೆ. ಹೊಟ್ಟೆಗೆ ಸರಿಯಾಗಿ ತಿನ್ನು.

ಅಕ್ಕ


ಮಾರ್ಚ್ 19, ಬುಧವಾರ

ಭಾವ,

ತಡವಾಗಿದೆ. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಮತ್ತೆ ಓದದೆ ಅಂಚೆಗೆ ಹಾಕುತ್ತೇನೆ.

ನಾನು ಕುಡಿದಿರಲಿಲ್ಲ. ನನಗೆ ಕೇಳಿಸುತ್ತಿರಲಿಲ್ಲ.

ಬಲಗಿವಿ ಅದಕ್ಕೆ ಮೂರು ವರ್ಷ ಮೊದಲೇ ಹೋಗತೊಡಗಿತ್ತು. ಮೊದಲು ಗಡಿಯಾರದ ಟಿಕ್ ಟಿಕ್ ಹೋಯಿತು. ಆಮೇಲೆ ಕಂಪೌಂಡರನ ಹಾಡಿನಲ್ಲಿ ‘ಸ’ ಮತ್ತು ‘ಶ’ ಹೋದವು. ಆಮೇಲೆ ಆ ಕಡೆಯಿಂದ ಬರುವುದೆಲ್ಲ ಗೋಡೆಯಾಚೆ ಯಾರೋ ಮೇಜು ಎಳೆದಂತೆ ಆಯಿತು. ಎಡಗಿವಿ ಇನ್ನೂ ಇದೆ, ಪೂರ್ತಿ ಇಲ್ಲ. ಎದುರಿಗೆ ಕೂತು ಮಾತಾಡಿದರೆ ತಿಳಿಯುತ್ತದೆ. ಫೋನಿನಲ್ಲಿ ಮಾತು ಮರಳಿನ ಹಾಗೆ ಸುರಿಯುತ್ತದೆ, ಒಂದನ್ನೂ ಹಿಡಿಯಲಾಗುವುದಿಲ್ಲ. ಡಿಸೆಂಬರಿನಲ್ಲಿ ಕರೆ ಮಾಡಿದ್ದು ನೀನು ಎಂಬುದು ನಿನ್ನ ಪತ್ರ ಓದಿದ ಮೇಲೆ ಗೊತ್ತಾಯಿತು.

ಮೂರು ವರ್ಷ ಹೇಗೆ ಬಾರಿಸಿದೆ ಎಂದು ಕೇಳಬಹುದು. ನಿನ್ನ ಬಲಗಾಲಿನಿಂದ. ನೀನು ಪೆಡಲ್ ಒತ್ತಿದಾಗ ದೊಡ್ಡ ಡ್ರಮ್ಮಿನ ಏಟು ಮರದ ವೇದಿಕೆಯ ಹಲಗೆಯಲ್ಲಿ ಹಾದು ನನ್ನ ಅಂಗಾಲಿಗೆ ಬರುತ್ತಿತ್ತು. ಕಿವಿಗಿಂತ ಖಚಿತವಾಗಿ ಬರುತ್ತಿತ್ತು. ನಾನು ತೆಳು ಅಟ್ಟೆಯ ಚಪ್ಪಲಿ ಹಾಕತೊಡಗಿದ್ದು, ನೀವಿಬ್ಬರೂ ತಮಾಷೆ ಮಾಡಿದ್ದು ನೆನಪಿರಬೇಕು. ಪ್ರತಿ ಕಾರ್ಯಕ್ರಮಕ್ಕೂ ಒಂದು ಗಂಟೆ ಮುಂಚೆ ಹೋಗುತ್ತಿದ್ದೆ. ನೀವು ನನ್ನನ್ನು ಶಿಸ್ತಿನ ಮನುಷ್ಯ ಎಂದುಕೊಂಡಿರಿ. ನಾನು ಹೋಗುತ್ತಿದ್ದದ್ದು ನೆಲ ನೋಡಲು.

ಶೋರೂಮಿಗೆ ಆ ದಿನ ವ್ಯಾನು ತಡವಾಗಿ ತಲುಪಿತು. ಹೊಸ ಸಿಮೆಂಟು, ಅದರ ಮೇಲೆ ಟೈಲ್ಸ್. ಏನೂ ಬರಲಿಲ್ಲ. ಮೊದಲ ಹಾಡುಗಳನ್ನು ನಿನ್ನ ಮೊಣಕಾಲು ನೋಡಿಕೊಂಡು ಬಾರಿಸಿದೆ. ಆಮೇಲೆ ಯಾರೋ ನಮ್ಮಿಬ್ಬರ ನಡುವೆ ಒಂದು ಬ್ಯಾನರ್ ತಂದು ನಿಲ್ಲಿಸಿದರು. ಅಲ್ಲಿಂದ ಮುಂದೆ ಊಹೆ.

ನೀನು ಮೈಕಿನಲ್ಲಿ ಹೇಳಿದ್ದು ಕೇಳಿಸಲಿಲ್ಲ, ಆದರೆ ಜನ ನಗುವುದು ಕಂಡಿತು. ಹೊರಗೆ ಕಂಪೌಂಡರ್ ಓಡಿಬಂದು, “ಎಷ್ಟು ಕುಡಿದೆಯೋ?” ಅಂತ ನನ್ನ ಮುಖದ ಮುಂದೆ ಕೂಗಿದ. ನನಗೆ ಸಮಾಧಾನವಾಯಿತು. ಅದು ಹೇಳಲು ನಾಚಿಕೆಯಾಗುವ ಸಂಗತಿ, ಆದರೆ ಹಾಗೇ ಆಯಿತು. ಕುಡಿದವನು ಮರುದಿನ ಸರಿಹೋಗುತ್ತಾನೆ. ಕಿವಿ ಹೋದ ಬಾಸ್ ವಾದಕನನ್ನು ಯಾರು ಏನು ಮಾಡುತ್ತಾರೆ? ಸಿಕ್ಕಿದ ಹೆಸರನ್ನು ಹಾಕಿಕೊಂಡು ಹೊರಟುಬಿಟ್ಟೆ.

ಸಿಟ್ಟೂ ಇತ್ತು. ಹದಿನಾರು ವರ್ಷ ನನ್ನಿಂದ ಮೂರಡಿ ದೂರದಲ್ಲಿ ಕೂತವನು ನೀನು. ನಾನು ಕುಡಿದು ವೇದಿಕೆ ಹತ್ತುವವನಲ್ಲ ಎಂದು ನಿನಗೆ ಗೊತ್ತಿರಬೇಕಿತ್ತು.

ಆಮೇಲೆ ನನ್ನನ್ನು ನೋಡಿದ ವೈದ್ಯೆ, “ನಿಮ್ಮ ಬಲಕ್ಕೆ ಏನಿರ್ತಿತ್ತು? ತುಂಬ ಜೋರು ಸದ್ದು ಮಾಡೋ ಅಂಥದ್ದು?” ಎಂದು ಕೇಳಿದರು. ನೆನಪಿಲ್ಲ ಎಂದೆ. ಎಡಗಿವಿಯಲ್ಲಿ ಉಳಿದದ್ದನ್ನು ಜೋಪಾನ ಮಾಡಬೇಕು, ಜೋರು ಸದ್ದಿನ ಹತ್ತಿರ ಹೋಗಬಾರದು ಎಂದರು. ಹೋಗಿಲ್ಲ.

ಮೇ ತಿಂಗಳಿಗೆ ನಾನು ಬರಲಾರೆ. ಕಾರಣ ಈಗ ನಿನಗೆ ಗೊತ್ತು.

ನಿನ್ನ ಭಾಮೈದ


ಏಪ್ರಿಲ್ 4, ಶುಕ್ರವಾರ

ಲೋ,

ನಿನ್ನ ಪತ್ರ ಬಂದ ದಿನ ಒಂದು ಕಿಟಕಿಯ ಚೌಕಟ್ಟಿಗೆ ಅಳತೆ ಹಾಕುತ್ತಿದ್ದೆ. ಓದಿ, ಮಡಚಿ, ಜೇಬಿಗೆ ಹಾಕಿಕೊಂಡು ಮತ್ತೆ ಕೆಲಸಕ್ಕೆ ಕೂತೆ. ಚೌಕಟ್ಟು ಎರಡಂಗುಲ ಗಿಡ್ಡವಾಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ.

ನಿನ್ನ ಬಲಕ್ಕೆ ಏನಿತ್ತು ಅಂತ ನಿನಗೆ ನೆನಪಿಲ್ಲವಂತೆ. ನನಗಿದೆ. ನನ್ನ ಸಿಂಬಲ್ ಇತ್ತು. ಹದಿನೆಂಟು ಅಂಗುಲದ ಆ ಕಂಚಿನ ತಟ್ಟೆ, ಹೊಡೆದರೆ ಮುಖಕ್ಕೆ ಗಾಳಿ ಬರುತ್ತದೆ ಅಂತ ನಾನು ಜಂಬ ಕೊಚ್ಚುತ್ತಿದ್ದುದು. ಅದನ್ನು ಅಟ್ಟದಿಂದ ತೆಗೆದು ಸ್ಟ್ಯಾಂಡಿಗೆ ಹಾಕಿದೆ. ನೀನು ನಿಲ್ಲುತ್ತಿದ್ದ ಜಾಗದಲ್ಲಿ ನಿನ್ನ ಅಕ್ಕನನ್ನು ನಿಲ್ಲಿಸಿದೆ. “ಯಾಕೆ?” ಅಂದಳು. “ಸುಮ್ನೆ ನಿಲ್ಲು” ಅಂದೆ. ಮೂರು ಸಲ ಹೊಡೆದೆ. ಎರಡನೆಯದಕ್ಕೆ ಅವಳು ಎರಡೂ ಕೈಯಲ್ಲಿ ಕಿವಿ ಮುಚ್ಚಿದಳು, ಮೂರನೆಯದಕ್ಕೆ ನನ್ನ ಕೈ ಹಿಡಿದುಕೊಂಡಳು. ನೀನು ಅಲ್ಲಿ ಹದಿನಾರು ವರ್ಷ ನಿಂತೆ.

ಇದರ ಬಗ್ಗೆ ಬರೆದರೆ ಚಿಕ್ಕದಾಗುತ್ತದೆ. ನೀನು ಕುಡಿದಿರಲಿಲ್ಲ ಎಂದು ಕಂಪೌಂಡರನಿಗೆ ಹೇಳಿದ್ದೇನೆ. ಅವನು ಔಷಧಿ ಕೊಡುತ್ತಿದ್ದ ಗಿರಾಕಿಯನ್ನು ಬಿಟ್ಟು ಒಳಗೆ ಹೋಗಿ ಹತ್ತು ನಿಮಿಷ ಬರಲಿಲ್ಲ. ಸಮ ಸಮ ಅಂತ ಬರೆದಿದ್ದೆನಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಬಾ ಅಂತ ಕರೆಯುತ್ತಿಲ್ಲ. ಆದರೆ ಬಡಗಿಯಾಗಿ ಒಂದು ಕೇಳುತ್ತೇನೆ, ಅದಕ್ಕೆ ಮಾತ್ರ ಉತ್ತರ ಬರೆ. ನಾವು ಬಾರಿಸಿದ ವೇದಿಕೆಗಳಲ್ಲೆಲ್ಲ ನಿನ್ನ ಕಾಲಿಗೆ ಅತ್ಯಂತ ಸ್ಪಷ್ಟವಾಗಿ ಬಂದದ್ದು ಯಾವುದರಲ್ಲಿ? ಅದರ ಹಲಗೆ ಯಾವ ಮರ, ಎಷ್ಟು ದಪ್ಪ, ಕೆಳಗೆ ಏನಿತ್ತು?

ಭಾವ


ಏಪ್ರಿಲ್ 15, ಮಂಗಳವಾರ

ಭಾವ,

ಹಡಗುಕಟ್ಟೆಯ ಕಾರ್ಮಿಕರ ಕ್ಯಾಂಟೀನಿನ ವೇದಿಕೆ. ಹಳೆಯ ಪೈನ್ ಹಲಗೆ, ಒಂದಂಗುಲಕ್ಕೆ ಸ್ವಲ್ಪ ಕಡಿಮೆ. ಅಗಲ ಆರಂಗುಲ. ಹಲಗೆಗಳ ಉದ್ದ ನಿನ್ನಿಂದ ನನ್ನ ಕಡೆಗೆ ಹರಿದಿತ್ತು, ಅಡ್ಡಲಾಗಿರಲಿಲ್ಲ. ಇದು ಮುಖ್ಯ. ಅಡ್ಡ ಹಾಸಿದ ಹಲಗೆಯಲ್ಲಿ ಏಟು ಪ್ರತಿ ಸಂದಿಯಲ್ಲೂ ಸ್ವಲ್ಪ ಸ್ವಲ್ಪ ಸಾಯುತ್ತದೆ. ಕೆಳಗೆ ಮೊಣಕಾಲಿನಷ್ಟು ಟೊಳ್ಳು, ತೊಲೆಗಳು ಎರಡೆರಡು ಅಡಿಗೆ ಒಂದು. ಕಾರ್ಪೆಟ್ ಇರಲಿಲ್ಲ. ಕಾರ್ಪೆಟ್ ನನ್ನ ಶತ್ರು.

ಕೇಳಿದ್ದಕ್ಕೆ ಮಾತ್ರ ಉತ್ತರ ಬರೆ ಎಂದಿದ್ದೆ. ಆದರೂ ಸ್ವಲ್ಪ ಹೆಚ್ಚು ಬರೆಯುತ್ತೇನೆ.

ಆ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಪಾಳಿ ಮುಗಿದವರು ತಟ್ಟೆ ಹಿಡಿದುಕೊಂಡೇ ಕೇಳುತ್ತಿದ್ದರು. ಒಂದು ಹಾಡಿನ ನಡುವೆ ನಾವಿಬ್ಬರೂ ಎಷ್ಟು ಒಂದಾಗಿದ್ದೆವು ಎಂದರೆ, ಏಟು ಯಾವುದು, ತಂತಿ ಯಾವುದು ಎಂದು ಬೇರೆ ಮಾಡಲಾಗುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಕೂತವನ ಚಮಚ ತಟ್ಟೆಯಲ್ಲಿ ತಾನಾಗಿ ಕುಣಿಯಿತು. ಅವನು ಅದನ್ನೇ ನೋಡುತ್ತ ಊಟ ಮರೆತ. ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದು.

ನಾವು ಕ್ಯಾಸೆಟ್ಟುಗಳನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದ ದಿನಗಳಲ್ಲಿ, ಕವರಿನ ಮೇಲೆ ಹೆಸರಿಲ್ಲದ ಬಾಸ್ ವಾದಕರಿಗೆಲ್ಲ ನಾವೇ ಹೆಸರಿಡುತ್ತಿದ್ದೆವು. ನಿನಗೆ ‘ಮಿಂಚುಳ್ಳಿ’ ಇಷ್ಟ, ಎಲ್ಲೆಂದರಲ್ಲಿ ಎರಗುವವನು. ಕಂಪೌಂಡರನಿಗೆ ಹೆಬ್ಬೆರಳಿನಿಂದ ತಂತಿಗೆ ಬಡಿಯುವ ‘ಬಟ್ಟೆ ಒಗೆಯುವವನು’. ನನಗೆ ‘ಕಂಬ’. ಯಾರದೋ ಮನೆಯಲ್ಲಿ ವೀಡಿಯೊ ನೋಡಿದಾಗ ಉಳಿದವರೆಲ್ಲ ವೇದಿಕೆಯ ಮೇಲೆ ಹಾರಾಡುತ್ತಿದ್ದರು, ಅವನೊಬ್ಬ ಡ್ರಮ್ಮಿನ ಪಕ್ಕ ಅಲುಗದೆ ನಿಂತಿದ್ದ, ಬೆರಳು ಮಾತ್ರ ಓಡುತ್ತಿದ್ದವು. ಅವನು ನಿಂತದ್ದು ಗಾಂಭೀರ್ಯದಿಂದ ಎಂದು ಆಗ ತಿಳಿದಿದ್ದೆ. ಅವನಿಗೂ ಅಂಗಾಲಿನಿಂದ ಏನಾದರೂ ಬರುತ್ತಿತ್ತೇ ಎಂದು ಈಗ ಅನಿಸುತ್ತದೆ.

ಕಳೆದ ವಾರ ಗಿಟಾರ್ ಕೆಳಗಿಳಿಸಿದೆ. ತಂತಿಗಳು ಹಳೆಯವೇ, ಆ ನುಣುಪಾಗಿ ಸುತ್ತಿದ ದಪ್ಪ ತಂತಿಗಳು. ತುಕ್ಕು ಹಿಡಿದಿಲ್ಲ. ಗಿಟಾರಿನ ಕುತ್ತಿಗೆ ಸ್ವಲ್ಪ ಬಾಗಿತ್ತು, ಅದರೊಳಗಿನ ಸರಳಿನ ತಿರುಪನ್ನು ಕಾಲು ಸುತ್ತು ತಿರುಗಿಸಿ ಸರಿ ಮಾಡಿದೆ. ಗದ್ದವನ್ನು ಗಿಟಾರಿನ ಮೇಲ್ತುದಿಗೆ ಒತ್ತಿ, ಅದರ ತಲೆಯನ್ನು ಬೀರುವಿನ ಬಾಗಿಲಿಗೆ ತಾಗಿಸಿ ಬಾರಿಸಿದರೆ, ಸ್ವರ ಹಲ್ಲಿನಿಂದ ಒಳಗೆ ಬರುತ್ತದೆ. ಬೀರುವಿನೊಳಗೆ ಹ್ಯಾಂಗರುಗಳು ಅಲುಗುತ್ತವೆ. ಅರ್ಧ ಗಂಟೆ ಬಾರಿಸಿದೆ. ಬೆರಳಿಗೆ ಬೊಕ್ಕೆ ಬಂದಿದೆ.

ಆದರೂ ಬರುವ ಮಾತಿಲ್ಲ. ನನಗೆ ಹೆದರಿಕೆ ತಪ್ಪು ಬಾರಿಸುತ್ತೇನೆ ಎಂದಲ್ಲ. ತಪ್ಪು ಬಾರಿಸುವಾಗ ನೀನು ಏನೂ ಆಗಿಲ್ಲ ಎಂಬ ಮುಖ ಮಾಡಿಕೊಂಡು ಕೂತಿರುತ್ತೀಯ ಎಂದು. ಅಕ್ಕ ಚಪ್ಪಾಳೆ ತಟ್ಟುತ್ತಾಳೆ. ಕಂಪೌಂಡರ್ ಬೆನ್ನು ಸವರುತ್ತಾನೆ. ಕುಡುಕ ಅಂದದ್ದನ್ನು ಹನ್ನೊಂದು ವರ್ಷ ತಾಳಿದೆ. ಆ ಕನಿಕರವನ್ನು ಒಂದು ಮಧ್ಯಾಹ್ನವೂ ತಾಳಲಾರೆ.

ನಿನ್ನ ಭಾಮೈದ


ಮೇ 3, ಶನಿವಾರ

ಲೋ ಕಂಬ,

ಮಾಡಿದ್ದೇನೆ. ಎಂಟು ಅಡಿ ಉದ್ದ, ಆರು ಅಡಿ ಅಗಲದ ವೇದಿಕೆ. ಶೆಡ್ಡಿನಲ್ಲಿ ಉಳಿದಿದ್ದ ಪೈನ್ ಅಷ್ಟೂ ಅದಕ್ಕೇ ಹೋಯಿತು. ಹಲಗೆ ನನ್ನಿಂದ ನಿನ್ನ ಕಡೆಗೆ ಹರಿದಿದೆ. ತೊಲೆ ಎರಡಡಿಗೆ ಒಂದು. ಕೆಳಗೆ ಮೊಣಕಾಲಿನಷ್ಟು ಟೊಳ್ಳು, ಅದರೊಳಗೆ ಈಗಾಗಲೇ ಬೆಕ್ಕು ಸೇರಿಕೊಂಡಿದೆ, ಮೊದಲ ಏಟಿಗೆ ಖಾಲಿ ಮಾಡುತ್ತದೆ ಬಿಡು. ಡ್ರಮ್ಮೂ ಎಮ್ಮೆಯೂ ಒಂದೇ ಹಲಗೆಯ ಮೇಲೆ ಕೂತಿವೆ.

ಕಂಪೌಂಡರ್ ಬಂದು ಪರೀಕ್ಷೆ ಮಾಡಿದ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಮಫ್ಲರ್ ಸುತ್ತಿಕೊಂಡು, ನಿನ್ನ ಜಾಗದಲ್ಲಿ ಬರಿಗಾಲಲ್ಲಿ ನಿಂತ. ಹಲ್ಲು ನೋವಿಗೆ ಬಂದ ಗಿರಾಕಿಯ ಹಾಗೆ ಕಾಣುತ್ತಿದ್ದ. ನಾನು ಪೆಡಲ್ ಒತ್ತಿದೆ.

“ಬಂತಾ?” ಅಂದೆ. ಅವನಿಗೆ ಎಲ್ಲಿ ಕೇಳಬೇಕು. ಕೈ ಸನ್ನೆ ಮಾಡಿದೆ.

“ಹಿಮ್ಮಡಿಗೆ ಬಂತು! ಹೊಟ್ಟೆವರೆಗೂ ಬಂತು!” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಆಮೇಲೆ ಕಣ್ಣು ಮುಚ್ಚಿ, ನಾನು ಒತ್ತಿದಾಗಲೆಲ್ಲ ಒಂದು ಬೆರಳು ಎತ್ತುತ್ತ ಹೋದ. ಇಪ್ಪತ್ತಕ್ಕೆ ಹತ್ತೊಂಬತ್ತು ಸರಿ. ಅವನ ಕಾಲಿಗೇ ಅಷ್ಟು ಬಂದರೆ ನಿನ್ನ ಕಾಲಿಗೆ ಎಷ್ಟು ಬರಬೇಡ.

ನಿನ್ನ ಹೆದರಿಕೆಗೆ ಉತ್ತರ. ನಾನು ಯಾವತ್ತು ನಿನ್ನ ತಪ್ಪನ್ನು ಸುಮ್ಮನೆ ಬಿಟ್ಟೆ? ನೀನು ತಾಳದಲ್ಲಿ ಅರ್ಧ ಮಾತ್ರೆ ಜಾರಿದರೂ ಡ್ರಮ್ಮಿನ ಕೋಲು ಎಸೆಯುತ್ತಿದ್ದೆ. ನಿನ್ನ ಹುಬ್ಬಿನ ಮೇಲಿನ ಗುರುತು ನನ್ನದೇ. ಎರಡು ಜೋಡಿ ಹೆಚ್ಚಿಗೆ ಕೋಲು ತಂದಿಟ್ಟಿದ್ದೇನೆ, ಎಸೆಯಲೆಂದೇ. ನಿನ್ನ ಅಕ್ಕ, “ಐವತ್ತು ದಾಟಿದೋನ ಮೇಲೆ ಕೋಲು ಎಸೀತೀರಾ? ನಾಚಿಕೆ ಆಗಲ್ವಾ?” ಅಂದಳು. “ಅವನು ಕೇಳ್ಕೊಂಡಿದ್ದಾನೆ ಕಣೇ” ಅಂದೆ. ಅವಳು ಸ್ವಲ್ಪ ಯೋಚಿಸಿ, “ಹಾಗಾದ್ರೆ ಗುರಿ ನೋಡಿ ಎಸೀರಿ” ಅಂದಳು.

ಇನ್ನೊಂದು. ಸಿಂಬಲ್‌ಗಳನ್ನೆಲ್ಲ ತೆಗೆದುಬಿಟ್ಟೆ. ಸ್ಟ್ಯಾಂಡುಗಳೂ ಇಲ್ಲ. ಬರೀ ಡ್ರಮ್ಮುಗಳು. ನಿನ್ನ ಉಳಿದ ಕಿವಿಗೆ ನನ್ನಿಂದ ಇನ್ನು ಏನೂ ಆಗುವುದಿಲ್ಲ. ಅಭ್ಯಾಸ ಮಾಡುವಾಗ ಬಲಗೈ ತಾನಾಗಿ ಮೇಲೆ ಹೋಗಿ ಗಾಳಿಗೆ ಹೊಡೆದು ಬರುತ್ತದೆ. ಅದಕ್ಕೂ ಕಲಿಸುತ್ತಿದ್ದೇನೆ.

ಇಪ್ಪತ್ತೈದು, ಮಧ್ಯಾಹ್ನ ಮೂರು. ಮೂವತ್ತೊಂದಕ್ಕೆ ಬೀಗ. ಇನ್ನು ನಾನು ಬರೆಯುವುದಿಲ್ಲ. ನಿನ್ನ ಸರದಿ.

ಭಾವ


ಮೇ 18, ಭಾನುವಾರ

ಭಾವ,

ನಿನ್ನ ಪತ್ರವನ್ನು ಹನ್ನೆರಡು ದಿನ ಇಟ್ಟುಕೊಂಡೆ. ಬರುವುದೋ ಬೇಡವೋ ಎಂದು ಮೊದಲ ವಾರ ಯೋಚಿಸಿದೆ. ಎರಡನೆಯ ವಾರ ಯೋಚಿಸಿದ್ದು ಬೇರೆಯದನ್ನು.

ನೀನು ಸಿಂಬಲ್ ಇಲ್ಲದೆ ಬಾರಿಸುವುದನ್ನು ಕಣ್ಣಮುಂದೆ ತಂದುಕೊಂಡೆ. ಹಾಡು ಏರುವ ಜಾಗದಲ್ಲಿ ನಿನ್ನ ಕೈ ಮೇಲೆ ಹೋಗುತ್ತದೆ, ಅಲ್ಲಿ ಏನೂ ಇಲ್ಲ, ಕೆಳಗೆ ಬರುತ್ತದೆ. ನಾನು ಅದನ್ನು ನೋಡುತ್ತ ನಿಂತಿರುತ್ತೇನೆ. ಭಾವ, ನಾನು ತಾಳಲಾರೆ ಎಂದು ಬರೆದದ್ದು ಇದನ್ನೇ. ಕೋಲು ಎಸೆದರೂ ಅದು ಹೋಗುವುದಿಲ್ಲ.

ಬುಧವಾರ ವೈದ್ಯೆಯ ಬಳಿಗೆ ಹೋದೆ. ಆರು ವರ್ಷದ ಮೇಲೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನನ್ನ ಬಲಕ್ಕೆ ಏನಿತ್ತು ಎಂಬುದನ್ನೂ. ಅವರು ಬಯ್ಯಬಹುದು ಎಂದುಕೊಂಡಿದ್ದೆ. “ಎಷ್ಟು ಹೊತ್ತು ಬಾರಿಸ್ತೀರಿ?” ಎಂದು ಕೇಳಿದರು. ನಾಲ್ಕು ಹಾಡು ಎಂದೆ. ಎಡಗಿವಿಗೆ ಮೆತ್ತಗಿನ ಏನನ್ನೋ ತುಂಬಿ ಅಚ್ಚು ತೆಗೆದರು. ಅದಕ್ಕೆ ಸರಿಯಾದ ಬಿರಡೆ ಶುಕ್ರವಾರ ಸಿಗುತ್ತದೆ. ಹಾಕಿಕೊಂಡರೆ ಪಕ್ಕದಲ್ಲಿ ಲಾರಿ ಹೋದರೂ ತಿಳಿಯುವುದಿಲ್ಲ, ಅಪಾಯವೂ ಇಲ್ಲ ಎಂದರು. “ಮತ್ತೆ ಹೇಗೆ ಬಾರಿಸ್ತೀರಿ?” ಎಂದರು. ನನ್ನ ಭಾವ ಬಡಗಿ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಅಂಗಡಿಯಲ್ಲಿ ಊಟದ ಹೊತ್ತಿನಲ್ಲಿ, ಸರಕು ತೂಗುವ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು, ಸಹೋದ್ಯೋಗಿಯನ್ನು ಆ ತುದಿಯಲ್ಲಿ ಕಾಲು ಬಡಿಯಲು ಹೇಳುತ್ತಿದ್ದೇನೆ. ಎಡಗಿವಿಗೆ ಬೆರಳು ಇಟ್ಟುಕೊಂಡು. ಅವನು, “ಸಾರ್, ಯಾರಾದ್ರೂ ನೋಡಿದ್ರೆ ಏನು ಹೇಳೋದು?” ಎನ್ನುತ್ತಾನೆ. ತಕ್ಕಡಿ ಪರೀಕ್ಷೆ ನಡೆಯುತ್ತಿದೆ ಎಂದು ಹೇಳು ಎಂದಿದ್ದೇನೆ. ಮೊದಲ ದಿನ ಇಪ್ಪತ್ತಕ್ಕೆ ಹದಿನಾಲ್ಕು ಬಂತು. ನಿನ್ನೆ ಹದಿನೆಂಟು. ಕಂಪೌಂಡರನಿಗಿಂತ ಒಂದು ಕಡಿಮೆ, ಅವನಿಗೆ ಹೇಳಬೇಡ.

ಹೀಗೆ ತೀರ್ಮಾನಿಸಿದ್ದೇನೆ. ಸಿಂಬಲ್‌ಗಳನ್ನು ವಾಪಸ್ ಹಾಕು. ಹದಿನೆಂಟು ಅಂಗುಲದ್ದನ್ನೂ. ನಾನು ಮೊದಲು ನಿಲ್ಲುತ್ತಿದ್ದ ಕಡೆಯೇ ನಿಲ್ಲುತ್ತೇನೆ. ಆದರೆ ಮುಖ ಮಾಡುವುದು ಬಾಗಿಲ ಕಡೆಗಲ್ಲ, ನಿನ್ನ ಕಡೆಗೆ. ಅಕ್ಕನಿಗೆ ನನ್ನ ಬೆನ್ನು ಕಾಣುತ್ತದೆ, ಬೇಸರ ಮಾಡಿಕೊಳ್ಳಬಾರದೆಂದು ಹೇಳು. ಬಿರಡೆ ಹಾಕಿಕೊಂಡಿರುತ್ತೇನೆ. ನನಗೆ ಒಂದೂ ಕೇಳಿಸುವುದಿಲ್ಲ. ನೀನು ಬೇಕಾದಷ್ಟು ಜೋರಾಗಿ ಹೊಡೆ.

ಶನಿವಾರ ಬೆಳಿಗ್ಗೆ ಆರೂವರೆಯ ಬಸ್ಸು. ಸಂಜೆಯೊಳಗೆ ಅಲ್ಲಿರುತ್ತೇನೆ. ರಜೆಯ ಅರ್ಜಿ ಬರೆದಿದ್ದೇನೆ, ಈ ಪತ್ರದ ಪಕ್ಕದಲ್ಲೇ ಇದೆ. ಇನ್ನೂ ಕೊಟ್ಟಿಲ್ಲ. ನಾಳೆ ಅಂಗಡಿ ತೆರೆದ ಕೂಡಲೇ ಕೊಡುತ್ತೇನೆ.

ನಿನ್ನ ಬಾಸ್‌ನವನು